ತಿರಕಪ್ಪನ ಹೆಸರಿನ ಒಡಪು

"ಕಾಕೂ, ಭಾಷಣ ಅಂದ್ರ ದೊಡ್ಡ ಭಾಷಣ ಅಲ್ಲ. ನಾಕ ಮಾತು ಸಾಕು. ಕಡೀ ಮಾತಿನ್ಯಾಗ 'ತಿರಕಪ್ಪಾ, ನಮ್ಮನ್ನ ಬಿಟ್ಟು ಹೋಗಬ್ಯಾಡೋ' ಅಂದಬಿಡ್ರಿ. ಅಷ್ಟೂ ಮಂದಿ ಮುಂದ ನೀವು ಅಂದ್ರ ಅವಗ ಒಲ್ಲೆ ಅನ್ಲಿಕ್ಕೆ ಬಾಯಿ ಬರಂಗಿಲ್ಲ."

ಹೀಗಂದವನು ಕೌಸ್ತುಭ. ಹಾವೇರಿಯಲ್ಲಿ ವಕೀಲಿ ಮಾಡುತ್ತಾನೆ, ರಾಣೇಬೆನ್ನೂರಿನ ಈ ವೃದ್ಧಾಶ್ರಮಕ್ಕೆ ಕಾರ್ಯದರ್ಶಿ. ಬಾಗಿಲಿನ ಬೋರ್ಡಿನ ಮೇಲೆ ವೃದ್ಧಾಶ್ರಮ ಅಂತ ಬರೆದದ್ದು ಖರೆ, ಆದರೆ ಒಳಗಿರುವವರು ಯಾರೂ ಆ ಶಬ್ದ ಬಳಸುವುದಿಲ್ಲ. ಅವರ ಬಾಯಲ್ಲಿ ಅದು 'ಹಿರೇರ ಮನಿ'. ಕೌಸ್ತುಭ ಎದುರಿಗೆ ಕೂತು ಕಾಕೂ ಅಂತ ಕರೆಯುತ್ತಿದ್ದದ್ದು ಭಾಗೀರಥೀಬಾಯಿಯನ್ನು. ಹಾವೇರಿಯ ಹಳೇ ಪೇಟೆಯವರು. ಗಂಡ ತೀರಿಕೊಂಡು ಬಹಳ ವರ್ಷವಾಗಿತ್ತು. ಮೊಣಕಾಲು ಮಾತು ಕೇಳುವುದು ಬಿಟ್ಟಮೇಲೆ ತಾವೇ ಬಂದು ನೋಡಿ, ಖೋಲಿ ಆರಿಸಿ, ಕಿಟಕಿ ಯಾವ ದಿಕ್ಕಿಗಿದೆ ಎಂದು ಕೇಳಿ ಸೇರಿದವರು.

"ಅವ ಖರೇನ ಹೊಂಟಾನೇನೋ?"

"ಭಾನುವಾರ ಸತ್ಕಾರ ಮುಗಿಸಿಕೊಂಡು ಊರಿಗೆ ಹೋಗ್ತೀನಿ ಅಂದಾನ. ಹೆಂಡ್ತಿ ಸಾಕು ಅಂದಾಳಂತ. ನಾ ಎಷ್ಟು ಹೇಳಿದ್ರೂ ತಲಿ ಕೆಳಗ ಹಾಕಿ ನಿಲ್ತಾನ, ಹೂಂ ಅನ್ನಂಗಿಲ್ಲ, ಉಹೂಂ ಅನ್ನಂಗಿಲ್ಲ."

ಭಾಗೀರಥೀಬಾಯಿಗೆ ಎದೆಯೊಳಗೆ ಯಾರೋ ಕುರ್ಚಿ ಜರುಗಿಸಿದಂತಾಯಿತು. ತಿರಕಪ್ಪ ಹೋದರೆ ಮುಂಜಾನೆ ತುಳಸೀಕಟ್ಟೆಯ ತನಕ ಯಾರ ತೋಳು ಹಿಡಿದು ಹೋಗುವುದು? ಬೇರೆ ಯಾರಾದರೂ ತೋಳು ಕೊಟ್ಟಾರು, ಆ ಮಾತು ಬೇರೆ. ಆದರೆ "ಬಾಯಾರ, ಇವತ್ತ ಮೊಣಕಾಲು ಏನಂತೈತ್ರಿ, ನಿಮ್ಮ ಕಡೆ ಐತೋ ನನ್ನ ಕಡೆ ಐತೋ?" ಎಂದು ಕೇಳುವ ಆ ದನಿ? ಹಿರಿಯರನ್ನು ನೋಡಿಕೊಳ್ಳಲು ಕುಪ್ಪೇಲೂರಿನಿಂದ ಬಂದ ಆ ಧಡೂತಿ ಆಳಿನ ಗಂಟಲಿನಿಂದ ಬರುವುದು ಕೊಳಲಿನಂಥ ಸಣ್ಣ ದನಿ. ಹೊಸದಾಗಿ ಕೇಳಿದವರು ಹಿಂದೆ ಮತ್ತ್ಯಾರೋ ನಿಂತು ಮಾತಾಡುತ್ತಿದ್ದಾರೆ ಎಂದು ಹೊರಳಿ ನೋಡುತ್ತಿದ್ದರು.

"ಹೇಳ್ತೀನಿ," ಅಂದರು ಭಾಗೀರಥೀಬಾಯಿ. "ನಾ ಹೇಳ್ದೆ ಇನ್ಯಾರು ಹೇಳಬೇಕು."

ಅವತ್ತು ಮಧ್ಯಾಹ್ನ ಕಟ್ಟೆಯ ಮೇಲೆ ಕೂತಾಗ ಅವರ ಮನಸ್ಸು ತಾನಾಗಿಯೇ ಆ ಕೊರೋನಾ ವರ್ಷಕ್ಕೆ ಹೊರಳಿತು. ಈಚೀಚೆಗೆ ಅದು ಹಾಗೇ ಹೊರಳುತ್ತಿತ್ತು, ಆಕಳು ಕೊಟ್ಟಿಗೆಗೆ ಹೊರಳಿದಂತೆ.

ಯುಗಾದಿಯ ದಿವಸ ಬಾಗಿಲಿಗೆ ಮಾವಿನೆಲೆ ಕಟ್ಟಿದ್ದರು, ಅದರ ಕೆಳಗೇ ಗೇಟಿಗೆ ಕೀಲಿ ಬಿತ್ತು. ಒಳಗಿದ್ದವರು ಒಳಗೆ, ಹೊರಗಿದ್ದವರು ಹೊರಗೆ, ಹೋದವರು ತಿರುಗಿ ಬರುವಂತಿಲ್ಲ. ಹೀಗಂತ ಹೇಳಿದ ಎರಡು ದಿವಸದೊಳಗೆ ಕೆಲಸದವರು ಒಬ್ಬೊಬ್ಬರಾಗಿ ಚೀಲ ಹೆಗಲಿಗೆ ಹಾಕಿದರು. ಅವರಿಗೂ ಮನೆ ಮಕ್ಕಳು ಇದ್ದರಲ್ಲ, ಯಾರೂ ಬಯ್ಯಲಿಲ್ಲ. ಉಳಿದವರು ಅಡಿಗೆಯ ಬಿಬಿಜಾನ್, ಮತ್ತೆ ತಿರಕಪ್ಪ. "ಎಂಟ ದಿವಸದ ಮಾತಲ್ಲೇನ್ರಿ, ಇರ್ತೇನಿ ತಗೋರಿ," ಅಂದಿದ್ದ. ಆ ಎಂಟು ದಿವಸ ಮುಗಿದದ್ದು ದೀಪಾವಳಿಗೆ.

ಕ್ಷೌರದವನು ಬರುವಂತಿರಲಿಲ್ಲ, ತಿರಕಪ್ಪನೇ ಕತ್ತರಿ ಹಿಡಿದ. ಅವನ ಮೊದಲ ಗಿರಾಕಿ ಅಣ್ಣಾಜಿಯವರು. ಬ್ಯಾಡಗಿಯಲ್ಲಿ ಮೆಣಸಿನಕಾಯಿ ದಲಾಲಿ ಮಾಡಿ ಮುಪ್ಪಾದವರು, ಮಾತಿನಲ್ಲೂ ಅದೇ ಖಾರ. ಕನ್ನಡಿ ನೋಡಿಕೊಂಡು, "ತಿರಕಾ, ನನ್ನ ತಲಿ ಮ್ಯಾಲೆ ಪಾವಟಿಗಿ ಕಟ್ಟೀದಿ, ಇನ್ನ ಗುಡಿನೂ ಕಟ್ಟಿಬಿಡು, ಮಂದಿ ಹತ್ತಿ ಹೋಗಿ ಕೈ ಮುಗಿಲಿ," ಅಂದಿದ್ದರು. ಅದೇ ಅಣ್ಣಾಜಿಗೆ ಜ್ವರ ಬಂದು ಬಿಟ್ಟಾಗ ವಾಸನೆಯೆಂಬುದೇ ಹೋಯಿತು. ಮೂಸಿ ನೋಡಿ ಕಾಯಿ ಯಾವ ಹೊಲದ್ದು ಅಂತ ಹೇಳುತ್ತಿದ್ದ ಮನುಷ್ಯ, ಮೂಗು ಸತ್ತಿತೆಂದು ಗೋಡೆಗೆ ಮುಖ ಮಾಡಿ ಮಲಗಿದರು. ತಿರಕಪ್ಪ ದಿನಾ ಮುಂಜಾನೆ ಅಡಿಗೆಮನೆಯಿಂದ ಒಂದು ಹಿಡಿ ಒಣಮೆಣಸಿನಕಾಯಿ ತಂದು ಕೈಯಲ್ಲೇ ಮುರಿದು ಮೂಗಿಗೆ ಹಿಡಿಯುತ್ತಿದ್ದ. "ಬಂತೇನ್ರಿ ಯಜಮಾನ್ರ?" "ಇಲ್ಲೋ." "ನಾಳಿಗೆ ಬರ್ತೈತಿ ತಗೋರಿ." ಒಂದು ದಿವಸ ಇಡೀ ಮನೆ ನಡುಗುವಂಥ ಸೀನು ಬಂತು. ಖೋಲಿ ಖೋಲಿಯಿಂದ ಚಪ್ಪಾಳೆ. ಹಾಗೆ ಚಪ್ಪಾಳೆ ತಟ್ಟಿಸಿಕೊಂಡ ಸೀನು ಭಾಗೀರಥೀಬಾಯಿ ಜನ್ಮದಲ್ಲಿ ಕೇಳಿರಲಿಲ್ಲ.

ಎಲ್ಲಾ ನಗೆಯೇ ಅಂತಲ್ಲ. ಇಬ್ಬರು ತೀರಿಕೊಂಡರು. ಮಕ್ಕಳು ಫೋನಿನಲ್ಲಿ ನೋಡಿದರು, ಬಾಯಿಗೆ ನೀರು ಬಿಟ್ಟವನು ತಿರಕಪ್ಪ. ಆಮೇಲೆ ಹಿತ್ತಿಲ ನಲ್ಲಿಯ ಹತ್ತಿರ ಮೈ ತೊಳೆದುಕೊಳ್ಳುತ್ತ, ಆ ಸಣ್ಣ ದನಿಯಲ್ಲಿ ಒಬ್ಬನೇ ಅಳುತ್ತಿದ್ದದ್ದು ಇವರ ಕಿಟಕಿಗೆ ಕೇಳಿತ್ತು.

ಮತ್ತೆ ಆ ಸಂಜೆಗಳು! ಟೀವಿಯೊಳಗೆ ಬರೀ ಸಾವಿನ ಸುದ್ದಿ ಎಂದು ತಿರಕಪ್ಪ ಅದರ ಮೇಲೆ ಒಂದು ಟವೆಲ್ ಹೊದಿಸಿ, "ಇನ್ನ ಇದು ಮಕ್ಕೊಂಡತ್ರಿ, ನೀವು ಮಾತಾಡ್ರಿ," ಅಂದುಬಿಟ್ಟ. ಹಾಗೆ ಮಾತಾಡಿ ಮಾತಾಡಿ, ಕಡೆಗೆ ಮುದುಕಿಯರಿಗೆಲ್ಲ ಒಡಪಿನ ಹುಚ್ಚು ಹಿಡಿಯಿತು. ಲಗ್ನದಲ್ಲಿ, ಸೀಮಂತದಲ್ಲಿ ಬಾಗಿಲಿಗೆ ಅಡ್ಡ ನಿಂತು "ಗಂಡನ ಹೆಸರು ಹೇಳು, ಆಮ್ಯಾಲೆ ಒಳಗ ಬಾ" ಅನ್ನುತ್ತಾರಲ್ಲ, ಆಗ ಬರೀ ಹೆಸರು ಹೇಳದೆ ಪ್ರಾಸ ಕಟ್ಟಿ ಹೇಳುವುದು. ಹಾವೇರಿಯ ಹಳೇ ಪೇಟೆಯಲ್ಲಿ ಭಾಗೀರಥೀಬಾಯಿಯ ಒಡಪಿಗೆ ಎದುರಿಲ್ಲ ಅಂತ ಹೆಸರಿತ್ತು ಒಂದು ಕಾಲಕ್ಕೆ. ಗಂಡ ಹೋದಮೇಲೆ ಯಾರೂ ಕೇಳಲಿಲ್ಲ, ಇವರೂ ಹೇಳಲಿಲ್ಲ. ಕೇಳಿದವನು ತಿರಕಪ್ಪ. "ಅವ್ರು ಹ್ವಾದ್ರ ಹೆಸರೂ ಹೋತೇನ್ರಿ ಬಾಯಾರ?" ಅಂದ. ಭಾಗೀರಥೀಬಾಯಿ ಸೆರಗು ಸರಿಮಾಡಿಕೊಂಡು, ಮದುವಣಗಿತ್ತಿಯ ಹಾಗೆ ನೆಲ ನೋಡುತ್ತ ಹೇಳಿದ್ದರು:

"ಹಾವೇರಿ ಪ್ಯಾಟ್ಯಾಗ ಏಲಕ್ಕಿ ಘಮಾಘಮ,
ಗುರುನಾಥರಾಯರ ಸಿಟ್ಟು ಅಡಗಿಗೆ ಉಪ್ಪಿನ ಸಮ."

ಎಷ್ಟು ವರ್ಷದ ಮೇಲೆ ಬಾಯಿಗೆ ಬಂದಿತ್ತು ಆ ಹೆಸರು!

ಯಾರ ಮುಂದೆಯೂ ಆಡಿ ತೋರಿಸದ ಒಂದು ಮಾತಿತ್ತು ಆ ಮನೆಯಲ್ಲಿ. ಅಂಜಿಕೆ ಇತ್ತು, ಸಾವಿತ್ತು, ಎಲ್ಲಾ ಖರೆ. ಆದರೂ ಆ ವರ್ಷ ಚಂದಿತ್ತು. ಡ್ಯೂಟಿ ಮುಗಿಯಿತೆಂದು ಯಾರೂ ಗಡಿಯಾರ ನೋಡಲಿಲ್ಲ. ಒಬ್ಬ ಮನುಷ್ಯ ಪೂರ್ತಿ ಅವರವನಾಗಿದ್ದ.

ಸಂಕ್ರಾಂತಿ ಕಳೆದ ಭಾನುವಾರ ಅಂಗಳದಲ್ಲಿ ಶಾಮಿಯಾನ ಬಿತ್ತು. ಹಾವೇರಿಯಿಂದ ಏಲಕ್ಕಿ ಹಾರ ಬಂದವು. ಹಿರಿಯರ ಮಕ್ಕಳು, ಸೊಸೆಯರು, ಮೊಮ್ಮಕ್ಕಳು ಬಂದು ಕುರ್ಚಿ ತುಂಬಿದರು. ಕೌಸ್ತುಭ ಮೈಕಿನಲ್ಲಿ ಯೋಧರು ಅಂದ, ದೇವರು ಅಂದ, ಮತ್ತೆ ಯೋಧರು ಅಂದ. ಬಿಬಿಜಾನ್ ಹಾರ ಹಾಕಿಸಿಕೊಂಡು, "ಒಲಿ ಮ್ಯಾಲೆ ಸಾರೈತ್ರಿ," ಎಂದು ಹಾರದ ಸಮೇತ ಅಡಿಗೆಮನೆಗೆ ಓಡಿದಳು. ತಿರಕಪ್ಪ ಹೊಸ ಅಂಗಿ ಹಾಕಿಕೊಂಡು, ಆ ಅಂಗಿ ಬೇರೆಯವರದೇನೋ ಎಂಬಂತೆ ಕೂತಿದ್ದ. ಅವನ ಹೆಂಡತಿ ಉಚ್ಚಂಗೆವ್ವ ಬಂದಿದ್ದಾಳೆ ಎಂದು ಯಾರೋ ಅಂದರು. ಭಾಗೀರಥೀಬಾಯಿ ಕತ್ತು ಉದ್ದ ಮಾಡಿ ನೋಡಿದರು. ಹಿಂದಿನ ಸಾಲಿನಲ್ಲಿ ಇಳಕಲ್ ಸೀರೆಯ, ಎತ್ತರದ, ಒಣಗಿದ ಹೆಂಗಸು, ತೊಡೆಯ ಮೇಲೆ ಒಂದು ಕೂಸು.

"ಈಗ ನಮ್ಮ ಭಾಗೀರಥೀಬಾಯಿ ಕಾಕು ನಾಕ ಮಾತು ಹೇಳ್ತಾರ," ಅಂದ ಕೌಸ್ತುಭ, ಕಣ್ಣಲ್ಲೇ ಸನ್ನೆ ಮಾಡಿ.

ಮೈಕು ಕೈಗೆ ಬಂತು. ಬಂದದ್ದೇ ತಡ, ಮೂರು ದಿವಸದಿಂದ ಕೂಡಿಸಿಟ್ಟಿದ್ದ ಮಾತುಗಳು ಒಂದೂ ನಾಲಿಗೆಯ ಮೇಲಿರಲಿಲ್ಲ. ಜನ್ಮದಲ್ಲಿ ಅವರು ಭಾಷಣ ಮಾಡಿದವರಲ್ಲ. ಮಂದಿಯ ಮುಂದೆ ಬಾಯಿ ತೆರೆದದ್ದಿದ್ದರೆ ಅದು ಒಡಪಿಗೆ ಮಾತ್ರ. ಬಾಯಿ ತನಗೆ ಗೊತ್ತಿದ್ದ ದಾರಿಯನ್ನೇ ಹಿಡಿಯಿತು:

"ಬಾಗಲಾ ಮುಚ್ಚಿದ್ರೂ ಬೆಳಕ ಬಂತು ಕಿಟಕ್ಯಾಗ,
ತಿರಕಪ್ಪ ಇರೂತನಕ ಜೀವ ಅದ ಈ ಮುದಕ್ಯಾಗ!"

ಒಂದು ಗಳಿಗೆ ಯಾರಿಗೂ ಏನೂ ತಿಳಿಯಲಿಲ್ಲ. ಆಮೇಲೆ ಶಾಮಿಯಾನವೇ ಹಾರಿಹೋಗುವಂಥ ನಗೆ ಎದ್ದಿತು. ಒಡಪಿನಲ್ಲಿ ಹೆಂಗಸು ಹೇಳುವುದು ಗಂಡನ ಹೆಸರು. ಮತ್ತ್ಯಾರ ಹೆಸರೂ ಅಲ್ಲಿಗೆ ಬರುವಂತಿಲ್ಲ.

"ಭಾಗೀರಥೀಬಾಯಿ!" ಅಣ್ಣಾಜಿ ಕುರ್ಚಿಯಿಂದಲೇ ಕೂಗಿದರು. "ಲಗ್ನ ಯಾವಾಗ ಆತ್ರಿ? ನಮಗೊಂದು ಹೋಳಿಗಿನೂ ಇಲ್ಲ!"

ಭಾಗೀರಥೀಬಾಯಿಗೆ ಕಿವಿಯ ತುದಿಯ ತನಕ ಬಿಸಿಯಾಯಿತು. ಸೆರಗಿನಿಂದ ಬಾಯಿ ಮುಚ್ಚಿಕೊಂಡರೂ ನಗು ತಡೆಯಲಾಗಲಿಲ್ಲ. ತಿರಕಪ್ಪ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಿದ್ದ. ಅಷ್ಟರಲ್ಲಿ ಹಿಂದಿನ ಸಾಲಿನಿಂದ ಒಂದು ದನಿ ಬಂತು. ಹೊಲದ ಈ ಬದುವಿನಿಂದ ಆ ಬದುವಿಗೆ ಕೂಗಿ ರೂಢಿಯಾದ ದನಿ, ಮೈಕು ಅದಕ್ಕೆ ಬೇಕಾಗಿರಲಿಲ್ಲ.

"ಬಾಯಾರ, ನನ್ನ ಗಂಡನ ಹೆಸರ ನೀವು ಹೇಳಿದ್ರ ನಾ ಯಾರದು ಹೇಳ್ಲಿ? ಒಡಪು ನಮಗೂ ಬರ್ತಾವ್ರಿ!"

"ಹೇಳವಾ, ಹೇಳು! ಬಿಡಬ್ಯಾಡ!" ಅಂತ ಮುದುಕಿಯರೆಲ್ಲ ಒಂದಾದರು. ಉಚ್ಚಂಗೆವ್ವ ಕೂಸನ್ನು ಪಕ್ಕದವರ ಕೈಗೆ ಕೊಟ್ಟು, ಸೀರೆಯ ಕಚ್ಚೆ ಸರಿಮಾಡಿಕೊಂಡು ಮುಂದೆ ಬಂದಳು. ನಗುತ್ತಲೇ ಬಂದಳು. ಭಾಗೀರಥೀಬಾಯಿಯ ಎದುರಿಗೆ ನಿಂತು, ಒಂದು ಕೈ ಸೊಂಟದ ಮೇಲಿಟ್ಟು ಹೇಳಿದಳು:

"ಬಿತ್ತೂ ಹೊತ್ತಿಗೆ ಬರಲಿಲ್ಲ, ಬಾಣಂತಿ ಹೊತ್ತಿಗೆ ಇರಲಿಲ್ಲ,
ತಿರಕಪ್ಪನ ಕರಿಯಾಕ ಬಂದೇನಿ, ಬರಿಗೈಲೆ ಹೋಗೂದಿಲ್ಲ!"

ಕೆಲವರು ಚಪ್ಪಾಳೆ ತಟ್ಟಿದರು, ಅರ್ಧಕ್ಕೆ ನಿಲ್ಲಿಸಿದರು. ನಗೆ ಎಲ್ಲಿಂದ ಬಂದಿತ್ತೋ ಅಲ್ಲಿಗೇ ಹೋಯಿತು. ಕೌಸ್ತುಭ ಲಗೂ ಎದ್ದು ವಂದನಾರ್ಪಣೆ ಅಂದುಬಿಟ್ಟ.

ಊಟಕ್ಕೆ ಎಲೆ ಹಾಕಿದ್ದರು. ಭಾಗೀರಥೀಬಾಯಿ ತಮ್ಮ ಜಾಗಕ್ಕೆ ಹೋಗಲಿಲ್ಲ. ಗೋಡೆ ಹಿಡಿದುಕೊಂಡು ಹಿತ್ತಿಲ ಕಟ್ಟೆಗೆ ಬಂದರು. ಅಲ್ಲಿ ಉಚ್ಚಂಗೆವ್ವ ಕೂಸಿಗೆ ಅನ್ನ ನುರಿದು ಉಣಿಸುತ್ತಿದ್ದಳು.

"ಸಿಟ್ಟಾದ್ರೇನ್ರಿ ಬಾಯಾರ? ಕುಂದ್ರಿ. ನನ್ನ ಬಾಯಿ ಇರೂದ ಹಂಗ."

"ಸಿಟ್ಟೆಲ್ಲಿದು. ಪ್ರಾಸ ಛಲೋ ಕೂಡಿತ್ತು." ಭಾಗೀರಥೀಬಾಯಿ ಮೆಲ್ಲಗೆ ಕೂತರು. "ಇದು ಯಾರ ಕೂಸು?"

"ಮಗಳದು. ಮೊದಲನೇ ಬಾಣಂತನ. ಶ್ರಾವಣದಾಗ ಹುಟ್ಟೇತಿ. ಇವ ಇದನ್ನ ಎತ್ತಿಕೊಂಡಿದ್ದು ದೀಪಾವಳಿಗೆ. ಹೊಸಬ ಅಂತ ಚೀರಿ ಚೀರಿ ಅತ್ತತು, ಇವನೂ ಅತ್ತ."

"ಮನೀ ತ್ರಾಸು ಅವ ನಮಗ ಹೇಳಲೇ ಇಲ್ಲಲ್ಲವಾ. ಮೊಮ್ಮಗಳು ಹುಟ್ಯಾಳ ಅಂತ ಬೆಲ್ಲ ಹಂಚಿದ. ಅಷ್ಟ."

"ಅವಂಗ ಗೊತ್ತಿದ್ರ ಅಲ್ಲೇನ್ರಿ ಹೇಳೂದು?" ಉಚ್ಚಂಗೆವ್ವ ಕೂಸಿನ ಬಾಯಿ ಒರೆಸಿದಳು. ಮುಂದಿನ ಮಾತಿಗೆ ಅವಳ ದನಿ ಇಳಿಯಿತು. ಇಷ್ಟು ದೊಡ್ಡ ದನಿ ಇಷ್ಟು ಸಣ್ಣದಾಗಬಲ್ಲದೆಂದು ಭಾಗೀರಥೀಬಾಯಿ ನಂಬುತ್ತಿರಲಿಲ್ಲ. "ಹಡದು ವಾರ ಆಗಿರಲಿಲ್ಲ, ನನಗ ಜ್ವರ ಬಂತ್ರಿ. ಅದ ಜ್ವರ. ನಾ ದನದ ಕೊಟಗ್ಯಾಗ ಹಾಸ್ಕೊಂಡೆ, ಬಾಣಂತಿ ಒಳಗ. ಆಕಿ ಬಾಗಲದಾಗ ಗಂಜಿ ಇಟ್ಟು ದೂರ ಸರಿಯಾಕಿ. ಹಸಿ ಮೈಯಾಕಿ ನನಗ ಬಾಣಂತನ ಮಾಡಿದಂಗಾತು ನೋಡ್ರಿ, ಉಲ್ಟಾ! ಉಸುರು ಸಿಗವಲ್ದು, ಆಗ ಇವನ ಫೋನ್. 'ಎಲ್ಲಾ ಆರಾಮ ಐತೇನ?' ಅಂತಾನ. ಆರಾಮ ಐತಿ ಅಂದೆ. 'ದನಿ ಯಾಕ ಹಿಂಗೈತಿ?' ಅಂದ. ಕೂಸು ಮಕ್ಕೊಂಡೈತಿ, ಅದಕ್ಕ ಸಣ್ಣಗ ಮಾತಾಡಾಕತ್ತೇನಿ ಅಂದೆ."

"ಯಾಕ ಹಂಗಂದ್ಯವಾ? ಹೇಳಿದ್ರ ಅವ ಓಡಿ ಬರ್ತಿದ್ದ."

"ಬರ್ತಿದ್ದ. ಗೇಟು ದಾಟಿದ್ರ ತಿರುಗಿ ಒಳಗ ಬಿಡ್ತಿರಲಿಲ್ಲ. ಅವ ಬಂದ್ರ ನಿಮ್ಮನ್ನ ಯಾರು ನೋಡ್ತಿದ್ರು?" ಅವಳ ಮಾತಿನಲ್ಲಿ ಒಂದೀಟೂ ಉಪಕಾರದ ಠೇಂಕಾರ ಇರಲಿಲ್ಲ, ಸಿಟ್ಟಿತ್ತು. "ದಿನಾ ಫೋನಿನ್ಯಾಗ ನಿಮ್ಮದ ಸುದ್ದಿ ಹೇಳಾಂವ. ಅಣ್ಣಾಜಿಯವರು ಸೀನಿದ್ರು, ಬಾಯಾರು ಒಡಪು ಹೇಳಿದ್ರು. ಏನ್ ಖುಷಿ ಅಂತೀರಿ! ನಾ ಕೊಟಗ್ಯಾಗ ಮಕ್ಕೊಂಡು ಕೇಳೂದು. ನಿಮಗ ಛಲೋ ಇತ್ತು ನೋಡ್ರಿ ಆ ವರ್ಷ. ನಿಮಗಿತ್ತು."

ಯಾರ ಮುಂದೆಯೂ ಆಡದ ಆ ಮಾತನ್ನು, ಕುಪ್ಪೇಲೂರಿನಿಂದ ಬಸ್ಸು ಹತ್ತಿ ಬಂದ ಈ ಹೆಂಗಸು ಹೊಸ್ತಿಲು ದಾಟುವ ಮೊದಲೇ ಕಂಡುಹಿಡಿದಿದ್ದಳು. ಒಬ್ಬ ಮನುಷ್ಯ ಪೂರ್ತಿ ತಮ್ಮವನಾಗಿದ್ದ ಅಂದರೆ, ಮತ್ತ್ಯಾರಿಗೋ ಅವನು ಪೂರ್ತಿ ಇರಲಿಲ್ಲ ಎಂದೇ ಅಲ್ಲವೇ? ಕಟ್ಟೆಯ ಮೇಲೆ ಕೂತು ಭಾಗೀರಥೀಬಾಯಿ ಆ ವರ್ಷವನ್ನು ಎಷ್ಟು ಸಲ ತಿರುವಿ ನೋಡಿದ್ದರು! ಒಂದು ಸಲವೂ ಆ ಕಡೆಯ ಮಗ್ಗುಲು ಕಂಡಿರಲಿಲ್ಲ.

"ಅವಂಗ ಈಗರೆ ಗೊತ್ತೈತೇನು?"

"ಹೋದ ತಿಂಗಳ ಮಗಳ ಬಾಯಿಬಿಟ್ಲು. ಅವತ್ತಿನಿಂದ ಅನ್ನ ಸರಿಯಾಗಿ ಉಂಡಿಲ್ಲ ಅಂವ. ಬಾ ಅಂದ್ರ ಬರ್ತೇನಿ ಅಂತಾನ, ಇಲ್ಲಿಗೆ ಬಂದು ನಿಮ್ಮ ಮಾರಿ ನೋಡಿದ್ರ ಮತ್ತ ಹಿಂದ ಮುಂದ ನೋಡ್ತಾನ."

ಹೆಜ್ಜೆ ಸಪ್ಪಳ ಕೇಳಿಸಿತು. ಎರಡು ಎಲೆ ಹಿಡಿದುಕೊಂಡು ತಿರಕಪ್ಪ ಬಾಗಿಲಲ್ಲಿ ನಿಂತಿದ್ದ. ಇಬ್ಬರೂ ಒಂದೇ ಕಟ್ಟೆಯ ಮೇಲೆ ಕೂತದ್ದು ನೋಡಿ ಅವನ ಕಾಲು ಅಲ್ಲೇ ನಿಂತವು.

"ಬಾರೋ," ಅಂದರು ಭಾಗೀರಥೀಬಾಯಿ.

ಅವನು ಎಲೆ ಕೆಳಗಿಟ್ಟ, ನೆಲ ನೋಡಿದ. "ಕೌಸ್ತುಭ ಸಾಹೇಬ್ರು ಅಂದ್ರು, ಬಾಯಾರನ್ನ ಕೇಳು ಅಂತ. ನನಗೂ ತಿಳೀವಲ್ದು ನೋಡ್ರಿ. ನೀವು ಇರು ಅಂದ್ರ ಇರ್ತೇನಿ. ಈಕಿಗೂ ಹೇಳೇನಿ ಹಂಗಂತ."

ಉಚ್ಚಂಗೆವ್ವ ಮುಖ ಆ ಕಡೆ ತಿರುಗಿಸಿ ಕೂಸಿನ ಜುಟ್ಟು ಕಟ್ಟತೊಡಗಿದಳು. ಕಟ್ಟಿದ್ದನ್ನೇ ಬಿಚ್ಚಿ ಮತ್ತೆ ಕಟ್ಟಿದಳು.

ಇರು. ಎರಡೇ ಅಕ್ಷರ. ನಾಲಿಗೆಯ ತುದಿಗೇ ಇತ್ತು ಅದು. ಅಂದುಬಿಟ್ಟರೆ ನಾಳೆ ಮುಂಜಾನೆಯೂ ಆ ತೋಳು ಇರುತ್ತದೆ, ಆ ದನಿ ಇರುತ್ತದೆ. ಭಾಗೀರಥೀಬಾಯಿ ಅವನ ಹೊಸ ಅಂಗಿ ನೋಡಿದರು. ಗುಂಡಿ ಒಂದು ಮೇಲೆ ಕೆಳಗಾಗಿತ್ತು. ಊರಿನಲ್ಲಿದ್ದರೆ ಉಚ್ಚಂಗೆವ್ವ ಬೈದು ಸರಿಮಾಡಿರುತ್ತಿದ್ದಳು.

"ತಿರಕಪ್ಪಾ," ಅಂದರು, "ಇಷ್ಟು ದಿವಸ ನೀ ನನ್ನ ಒಂದು ಮಾತೂ ತಗದುಹಾಕಿಲ್ಲ. ಇದನ್ನೂ ತಗದುಹಾಕಬ್ಯಾಡ. ಊರಿಗೆ ಹೋಗು."

"ಬಾಯಾರ..."

"ಹೋಗು ಅಂದೆ. ನಮಗೇನು, ಕೌಸ್ತುಭ ಯಾರನ್ನಾದ್ರೂ ತರತಾನ. ಬಂದವರಿಗೆ ನಾ ಕಲಸ್ತೀನಿ, ಮೊಣಕಾಲಿನ ಜೋಡಿ ಹೆಂಗ ಮಾತಾಡಬೇಕಂತ. ಇವತ್ತು ನಾವು ಹಾರ ಹಾಕಿದ್ದು ನಿನ್ನ ಉಪಕಾರಕ್ಕ ಅಂದುಕೊಂಡಿದ್ದೆ. ಅಲ್ಲೋ, ನಿನ್ನ ಕಟ್ಟಿಹಾಕ್ಲಿಕ್ಕೆ ಹಗ್ಗ ಹೊಸೀಲಿಕ್ಕೆ ಹತ್ತಿದ್ವಿ. ನಾನೂ ಹೊಸದೆ."

ತಿರಕಪ್ಪ ಬಗ್ಗಿ ಅವರ ಕಾಲು ಮುಟ್ಟಿದ. ಭಾಗೀರಥೀಬಾಯಿ ಅವನ ತಲೆಯ ಮೇಲೆ ಕೈ ಇಟ್ಟರು, ಆಮೇಲೆ ಉಚ್ಚಂಗೆವ್ವನ ಕಡೆ ತಿರುಗಿ, "ಕರಕೊಂಡು ಹೋಗವ್ವಾ. ನಿನಗ ಥ್ಯಾಂಕ್ಸ್ ಅಂತ ಒಬ್ಬರೂ ಅನ್ಲಿಲ್ಲ ಇವತ್ತು. ನಾ ಅಂತೀನಿ," ಅಂದರು.

"ಅದನ್ನೇನ್ ಒಯ್ದು ಹಾಸ್ಕೊಳ್ಳಲ್ರಿ?" ಅಂದಳು ಉಚ್ಚಂಗೆವ್ವ. ಆದರೆ ಅಂದ ಮೇಲೆ ಮೂಗು ಕೆಂಪಗಾಗಿ, ಸೆರಗಿನಿಂದ ಒರೆಸಿಕೊಂಡಳು. "ನೀವೇನ್ ಉಣ್ಣದ ಕುಂತೀರಿ. ಊಟಾ ಮಾಡ್ರಿ ಮೊದಲ."

ತಿರಕಪ್ಪ ಇನ್ನೊಂದು ಎಲೆ ತಂದ, ಮೂವರೂ ಅಲ್ಲೇ ಉಂಡರು. ಉಣ್ಣುತ್ತ ಉಚ್ಚಂಗೆವ್ವ ಹೇಳುತ್ತಲೇ ಹೋದಳು: ಬಾಡಿಗೆ ಎತ್ತು ಸಿಗದೆ ಗೋವಿನಜೋಳವನ್ನು ಬಗ್ಗಿ ಬಗ್ಗಿ ಕೈಯಿಂದ ಊರಿದ್ದು, ಹಳ್ಳಿಯ ಮಂದಿ ಇವರ ಓಣಿಗೆ ಮುಳ್ಳು ಹಚ್ಚಿ ದಾರಿ ಮುಚ್ಚಿದ್ದು, ಮುಳ್ಳಿನ ಆಚೆಯಿಂದ ಯಾರೋ ಹೆಸರು ಹೇಳದೆ ದಿನಾ ತಂಬಿಗೆ ಹಾಲು ಇಟ್ಟು ಹೋಗುತ್ತಿದ್ದದ್ದು. ಭಾಗೀರಥೀಬಾಯಿ "ಆಮ್ಯಾಲೆ?" ಅನ್ನುತ್ತಿದ್ದರು. ತಿರಕಪ್ಪನೂ "ಆಮ್ಯಾಲೆ?" ಅನ್ನುತ್ತಿದ್ದ, ಅವನಿಗೂ ಎಷ್ಟೋ ಹೊಸದಿತ್ತು. ಸಂಜೆಯ ಕುಪ್ಪೇಲೂರು ಬಸ್ಸಿಗೆ ಅವರು ಹೊರಟರು. ಚೀಲ ತಿರಕಪ್ಪನ ಹೆಗಲಿಗೆ, ಕೂಸು ಅವನ ತೋಳಿಗೆ. ಕೂಸು ಈಗ ಅಳುತ್ತಿರಲಿಲ್ಲ. ಅವನ ಮೂಗು ಹಿಡಿದು ಎಳೆಯುತ್ತಿತ್ತು.

ಅವನ ಜಾಗಕ್ಕೆ ಕರ್ಜಗಿಯ ಕಡೆಯ ಒಬ್ಬ ಹುಡುಗಿ ಬಂದಳು, ದೀಪಿಕಾ ಅಂತ. ಮೊದಲ ದಿವಸವೇ, ಭಾಗೀರಥೀಬಾಯಿಯ ಕಾಲಿಗೆ ಎಣ್ಣೆ ಹಚ್ಚುತ್ತ, "ಅಜ್ಜಿ, ಕೊರೋನಾದಾಗ ಇಲ್ಲಿ ಭಾಳ ತ್ರಾಸ ಆಗಿತ್ತಂತಲ್ರಿ?" ಎಂದು ಕೇಳಿದಳು.

ಅಣ್ಣಾಜಿ ಪಕ್ಕದ ಕುರ್ಚಿಯಿಂದ, "ಕೇಳಿದ್ಯಾ? ಇನ್ನ ಮುಗೀತು ನಿನ್ನ ಕೆಲಸ. ಮೊದಲ ನನ್ನ ಸೀನಿನ ಕಥಿ ಬರ್ತದ ನೋಡು," ಅಂದರು.

"ಸೀನು ಆಮ್ಯಾಲೆ ಬರ್ತದ," ಅಂದರು ಭಾಗೀರಥೀಬಾಯಿ. ಕಾಲು ಸರಿಯಾಗಿ ಚಾಚಿ, ಗೋಡೆಗೆ ಆನಿಕೊಂಡು, ಕತೆ ಹೇಳುವವರ ದನಿ ತೆಗೆದರು. "ಹೇಳ್ತೀನಿ ಕೇಳವಾ. ಇಲ್ಲಿಂದ ಅಲ್ಲ. ಕುಪ್ಪೇಲೂರಾಗ ಉಚ್ಚಂಗೆವ್ವ ಅಂತ ಒಬ್ಬಾಕಿ ಇದ್ದಾಳ..."